ಗದಗದಿಂದ ಗೋಕರ್ಣಕ್ಕೆ: ಮೋಟಾರ್ ಸೈಕಲ್ಲಿನ ಪ್ರವಾಸವೂ ಅದರ ಸಿದ್ಧತೆಯೂ

ಪ್ರವಾಸವು ವಿದ್ಯೆಯ ಒಂದು ಅಂಗವೆಂದು ನಮ್ಮ ಪೂರ್ವಿಕರು ಬಗೆದಿದ್ದರು. ತೀರ್ಥಯಾತ್ರೆಯ ನೆವದಿಂದಾದರೂ ಮನುಷ್ಯನು ತನ್ನ ಊರ ಎಲ್ಲೆಯನ್ನು ದಾಟಿ, ಅನ್ಯರ ನೆಲ, ನೀರು, ನಡೆ, ನುಡಿಗಳನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಶಯವಾಗಿತ್ತು. ಆಗ ಕಾಲ್ನಡಿಗೆಯೂ ಚಕ್ಕಡಿಯೂ ಸಾಧನಗಳಾಗಿದ್ದವು. ಈಗ ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ತರುಣರು ಮೋಟಾರ್ ಸೈಕಲ್ಲನ್ನೇರಿ ಮೂರು ನಾಲ್ಕು ದಿನಗಳಲ್ಲಿ ಮಲೆನಾಡನ್ನೂ ಕಡಲ ತಡಿಯನ್ನೂ ನೋಡಿ ಬರುತ್ತಾರೆ. ಈ ಉತ್ಸಾಹವು ಸ್ತುತ್ಯವಾದದ್ದೇ. ಆದರೆ ಉತ್ಸಾಹವೊಂದೇ ಮನುಷ್ಯನನ್ನು ಮನೆಗೆ ಮರಳಿ ತರಲಾರದು. ಆ ಕಾರಣ ಇಂಥ ಪ್ರವಾಸವನ್ನು ಮನೆಮಂದಿಯೆಲ್ಲ ಕುಳಿತು ಹೇಗೆ ಯೋಜಿಸತಕ್ಕದ್ದೆಂಬುದನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ಮೊದಲು ಹಿರಿಯರಿಗೆ ಒಂದು ಮಾತು. ಮಗನಾಗಲಿ ಮಗಳಾಗಲಿ ಪ್ರವಾಸದ ಮಾತೆತ್ತಿದ ಕೂಡಲೆ ಬೇಡವೆಂದು ಬಾಯಿ ಮುಚ್ಚಿಸುವದು ಸುಲಭ. ಅದರ ಫಲವಾದರೋ ವಿಪರೀತ. ಹುಬ್ಬಳ್ಳಿಗೆ ಗೆಳೆಯನ ಮದುವೆಗೆಂದು ಹೇಳಿ ಹೊರಟವನು ಗೋಕರ್ಣದಲ್ಲಿರುತ್ತಾನೆ. ಅಪಾಯವೊದಗಿದರೆ ಅವನನ್ನು ಯಾವ ದಾರಿಯಲ್ಲಿ ಹುಡುಕಬೇಕೆಂಬುದು ಕೂಡ ಮನೆಯವರಿಗೆ ತಿಳಿಯದು. ಆದುದರಿಂದ ಸಮ್ಮತಿಯನ್ನು ಕೊಡಿರಿ. ಸಿದ್ಧತೆಯನ್ನು ನೋಡಿ ಕೊಡಿರಿ.

ಪಂಚತಂತ್ರದ ಮೂರು ಮೀನುಗಳ ಕಥೆ ವಾಚಕರಿಗೆ ತಿಳಿದದ್ದೇ. ಅನಾಗತವಿಧಾತನು ಬರಲಿರುವದನ್ನು ಮೊದಲೇ ನೆನೆದು ಬೇರೆ ಮಡುವಿಗೆ ಹೋದನು. ಪ್ರತ್ಯುತ್ಪನ್ನಮತಿಯು ಸಿಕ್ಕಿಬಿದ್ದ ಮೇಲೆ ಸತ್ತಂತೆ ನಟಿಸಿ ಪಾರಾದನು. ಆದದ್ದಾಗಲೆಂದ ಯದ್ಭವಿಷ್ಯನು ಅಳಿದನು. ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಪ್ರತ್ಯುತ್ಪನ್ನಮತಿಗೂ ದೊರೆಯುವ ಕಾಲ ಒಂದೆರಡು ಕ್ಷಣ ಮಾತ್ರ. ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರು ಮುಂದೆ ಹೋಗಿರುತ್ತದೆ. ಸವಾರನು ಕಂಡು, ತಿಳಿದು, ಬ್ರೇಕು ಹಿಡಿಯುವಷ್ಟರಲ್ಲಿಯೇ ಅಷ್ಟು ದಾರಿ ಕಳೆದುಹೋಗುವದು. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದಾರಿ ನಾಲ್ಮಡಿಯಾಗುತ್ತದೆ. ಇಂಥಲ್ಲಿ ಅನಾಗತವಿಧಾತನಾಗಿಯೇ ಹೊರಡುವದು ಲೇಸು.

ಗದಗದಿಂದ ಕಡಲಿಗೆ ಹೋಗುವ ದಾರಿ ಇಂದಿನದಲ್ಲ. ಉಗಿಬಂಡಿ ಬರುವ ಮೊದಲು ಧಾರವಾಡ ಸೀಮೆಯ ಅರಳೆಯು ಎತ್ತಿನ ಹೇರುಗಳಲ್ಲಿಯೂ ಚಕ್ಕಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಯನ್ನು ಸೇರುತ್ತಿತ್ತು. ನಮ್ಮ ಎರೆಹೊಲಗಳ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿಯೆಂಬ ಹೆಸರು ನಿಂತದ್ದು ಈ ಕಾರಣದಿಂದ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೇರಿಕೆಯ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬರದಾದಾಗ ಈ ದಾರಿಗೆ ಮತ್ತಷ್ಟು ಬೆಲೆ ಬಂದಿತು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ೧೮೮೦ರ ದಶಕದಲ್ಲಿ ರೈಲು ಗದಗಕ್ಕೆ ಬಂದ ಮೇಲೆ ಚಕ್ಕಡಿಗಳ ಸಾಲು ತೆಳುವಾಯಿತು. ಆ ಹೇರಿನವರು ಮಳೆಗಾಲದಲ್ಲಿ ಘಟ್ಟಕ್ಕಿಳಿಯುತ್ತಿರಲಿಲ್ಲ. ಒಣ ದಿನಗಳಲ್ಲಿ, ಮುಕ್ಕಾಮುಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಎತ್ತಿನ ಶಕ್ತಿಯನ್ನು ತಿಳಿದು ಹೊರಡುತ್ತಿದ್ದರು. ಕಾಲ, ಮುಕ್ಕಾಮು, ವಾಹನ ಈ ಮೂರರ ವಿಚಾರವು ಇಂದಿಗೂ ಅದೇ ಕ್ರಮದಲ್ಲಿ ನಡೆಯತಕ್ಕದ್ದು.

ಕಾಲವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ಕುಮಟೆ-ಅಂಕೋಲೆಗಳ ತೀರದಲ್ಲಿ ಅದು ೩,೦೦೦ವನ್ನು ಮೀರುತ್ತದೆ, ಮತ್ತು ಅದರ ಬಹುಭಾಗವು ಜೂನದಿಂದ ಸೆಪ್ಟೆಂಬರದೊಳಗೆ ಸುರಿಯುತ್ತದೆ. ಬಯಲುಸೀಮೆಯವರಿಗೆ ಆ ಮಳೆಯ ಅಂದಾಜು ಇರುವದಿಲ್ಲ. ೨೦೨೧ರ ಜುಲೈ ತಿಂಗಳಲ್ಲಿ ಅರಬೈಲು ಘಟ್ಟದಲ್ಲಿ ಭೂಮಿ ಕುಸಿದು ಸಂಚಾರ ನಿಂತಿತ್ತು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೆ ಕುಸಿದು, ದಾರಿಯ ಬದಿಯಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ನದಿಯಲ್ಲಿ ಮುಳುಗಿದ ಒಂದು ಲಾರಿಯು ಸಿಕ್ಕಿದ್ದು ಸೆಪ್ಟೆಂಬರ ತಿಂಗಳಲ್ಲಿ. ನಾವು ಹೇಳಲಿರುವ ದಾರಿಯು ಈ ಎರಡೂ ಸ್ಥಳಗಳನ್ನು ಹಾಯ್ದು ಹೋಗುತ್ತದೆ. ಆದುದರಿಂದ ದೀಪಾವಳಿಯ ತರುವಾಯ ಮಾಘ ಮಾಸದವರೆಗಿನ ಕಾಲವನ್ನೇ ಆರಿಸಿಕೊಳ್ಳಬೇಕು. ಶಿವರಾತ್ರಿಯ ದಿನಗಳಲ್ಲಿ ಗೋಕರ್ಣದಲ್ಲಿ ಜನಸಂದಣಿ ಹೇಳತೀರದು. ಎರಡು ವರ್ಷಕ್ಕೊಮ್ಮೆ ಬರುವ ಸಿರ್ಸಿ ಮಾರಿಕಾಂಬೆಯ ಜಾತ್ರೆಯಲ್ಲಿಯೂ ಹಾಗೆಯೇ. ಜಾತ್ರೆಗಾಗಿಯೇ ಹೋಗದವರು ಆ ದಿನಗಳನ್ನು ಬಿಡತಕ್ಕದ್ದು.

ಇನ್ನು ಮುಕ್ಕಾಮುಗಳು. ಇಡೀ ಸುತ್ತು ಸುಮಾರು ೫೦೦ ಕಿಲೋಮೀಟರು; ಇದಕ್ಕೆ ನಾಲ್ಕು ದಿನಗಳಿರಲಿ. ಮೊದಲ ದಿನ ಗದಗದಿಂದ ಹುಬ್ಬಳ್ಳಿಯ ಮೇಲೆ ಯಲ್ಲಾಪುರ, ಸುಮಾರು ೧೩೦ ಕಿಲೋಮೀಟರು. ಲಕ್ಷ್ಮೇಶ್ವರ, ಶಿರಹಟ್ಟಿಗಳವರು ಗದಗಕ್ಕೆ ಬಾರದೆಯೇ ಹುಬ್ಬಳ್ಳಿಯನ್ನು ಸೇರಬಹುದು. ಮುಂಡರಗಿಯವರಿಗೆ ಗದಗದವರೆಗಿನ ಸುಮಾರು ೪೦ ಕಿಲೋಮೀಟರು ಹೆಚ್ಚು. ಯಲ್ಲಾಪುರದ ಬಳಿ ಬೇಡ್ತಿ ನದಿಯು ಮಾಗೋಡಿನಲ್ಲಿ ಧುಮುಕುವದನ್ನು ನೋಡಿ, ಕತ್ತಲಾಗುವ ಮೊದಲೇ ಊರಿಗೆ ಮರಳಬೇಕು. ಎರಡನೆಯ ದಿನ ಬೆಳಗಿನ ಬೆಳಕಿನಲ್ಲಿ ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಮೇಲೆ ಗೋಕರ್ಣ. ಇದೇ ಬೇಡ್ತಿಯು ಕೆಳಗೆ ಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ಮೂರನೆಯ ದಿನ ಮಿರ್ಜಾನದ ಕೋಟೆಯನ್ನು ಕಂಡು, ಅಘನಾಶಿನಿಯನ್ನು ದಾಟಿ, ಕುಮಟೆಯಿಂದ ದೇವಿಮನೆ ಘಟ್ಟವನ್ನೇರಿ ಸಿರ್ಸಿ. ಅಘನಾಶಿನಿಯ ಉಗಮವು ಸಿರ್ಸಿಯ ಶಂಕರಹೊಂಡ. ಅಂದಿನ ಪ್ರಯಾಣವು ನದಿಯ ಮುಖದಿಂದ ಮೂಲದೆಡೆಗೆ ಆಗುತ್ತದೆ. ನಾಲ್ಕನೆಯ ದಿನ ಸಿರ್ಸಿಯಿಂದ ಬನವಾಸಿ, ಹಾನಗಲ್ಲು, ಬಂಕಾಪುರ, ಸವಣೂರುಗಳ ಮೇಲೆ ಲಕ್ಷ್ಮೇಶ್ವರ, ಅಲ್ಲಿಂದ ಗದಗ. ಇದು ಉಳಿದ ದಿನಗಳಿಗಿಂತ ಉದ್ದವಾದರೂ ಘಟ್ಟವಿಲ್ಲದ ದಾರಿ. ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ರಚಿಸಿದೆನೆಂದವನು, ಬನವಾಸಿಯನ್ನು ಎದೆದುಂಬಿ ನೆನೆದವನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆದಿಕವಿಯ ಎರಡು ಪ್ರೀತಿಯ ನೆಲಗಳು ಅಂದು ಒಂದೇ ಹಗಲಿನಲ್ಲಿ ಕೂಡುತ್ತವೆ.

ವಾಹನದ ಪರೀಕ್ಷೆಯನ್ನು ಹೊರಡುವ ಹಿಂದಿನ ದಿನ ಮಾಡಿದರೆ ಸಾಲದು. ಎರಡು ವಾರ ಮೊದಲು, ಪ್ರವಾಸಕ್ಕೆ ಒಯ್ಯಬೇಕಾದ ಸಾಮಾನನ್ನೆಲ್ಲ ಕಟ್ಟಿಕೊಂಡು, ಹಿಂದೆ ಕೂಡುವವರನ್ನೂ ಕೂಡಿಸಿಕೊಂಡು, ಒಂದು ದಿನದ ಪೂರ್ವಾಭ್ಯಾಸ ನಡೆಯಲಿ. ಇದಕ್ಕೆ ನಮ್ಮ ಜಿಲ್ಲೆಯೇ ಸಾಕು. ಗದಗದಿಂದ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿಯನ್ನು ಕಂಡು, ಮುಂಡರಗಿಯಿಂದ ಕಪ್ಪತಗುಡ್ಡದ ಸೆರಗಿನಲ್ಲಿ ಶಿರಹಟ್ಟಿಗೆ ಬಂದು, ಮಾಗಡಿಯ ಕೆರೆಯ ಮೇಲೆ ಮರಳಬಹುದು. ಈ ಬಯಲಿನಲ್ಲಿ ಅಡ್ಡಗಾಳಿಯು ಗಾಡಿಯನ್ನು ಹೇಗೆ ತಳ್ಳುವದೆಂಬುದು ತಿಳಿಯುತ್ತದೆ. ಎಲ್ಲಿ ಗಂಟು ಸಡಿಲುವದು, ಎಷ್ಟು ಹೊತ್ತಿಗೆ ಬೆನ್ನು ನೋಯುವದು, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದಾರಿ ಸಾಗುವದು, ಇದೆಲ್ಲ ಮನೆಯ ಹತ್ತಿರವೇ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಮಾಗಡಿಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿರುತ್ತವೆ. ಮಾಗಡಿಯ ಕೆರೆಯೂ ಅಘನಾಶಿನಿಯ ಅಳಿವೆಯೂ ೨೦೨೪ರಲ್ಲಿ ಒಂದೇ ಸಲಕ್ಕೆ ರಾಮಸಾರ್ ಪಟ್ಟಿಯನ್ನು ಸೇರಿದವು. ಎರಡನ್ನೂ ನೋಡಿದವನಿಗೆ ಬಯಲಿನ ನೀರಿಗೂ ಕಡಲಿನ ನೀರಿಗೂ ಇರುವ ನೆಂಟಸ್ತಿಕೆ ಹೊಳೆಯದಿರದು.

ಗಾಡಿಯಲ್ಲಿ ನೋಡತಕ್ಕವುಗಳು ಇವು: ಎರಡೂ ಬ್ರೇಕುಗಳು, ಟಾಯರುಗಳ ಸವೆತ ಮತ್ತು ತಣ್ಣಗಿರುವಾಗಿನ ಗಾಳಿ, ಚೈನಿನ ಬಿಗಿ, ಎಂಜಿನಿನ ಎಣ್ಣೆ, ಮುಂದಿನ ಹಿಂದಿನ ದೀಪಗಳು. ಜತೆಗೆ ಪಂಕ್ಚರಿನ ಸಾಮಾನು, ಒಂದು ಪ್ಲಗ್ಗು, ಕ್ಲಚ್ಚಿನ ಒಂದು ಕೇಬಲ್ಲು, ಗಾಯದ ಔಷಧಗಳು ಇರಲಿ. ಭಾರವು ಕೆಳಗೂ ಗಾಡಿಯ ನಡುವಿಗೆ ಹತ್ತಿರವೂ ಇರಬೇಕು. ಬೆನ್ನಿನ ಮೇಲೆ ದೊಡ್ಡ ಚೀಲ ಹೊತ್ತವನು ಬೇಗ ದಣಿಯುತ್ತಾನೆ. ಲೈಸೆನ್ಸು, ನೋಂದಣಿ, ವಿಮೆ, ಹೊಗೆಯ ಪ್ರಮಾಣಪತ್ರ ಇವು ಚಾಲ್ತಿಯಲ್ಲಿರಬೇಕು. ಮೋಟಾರು ವಾಹನಗಳ ಕಾಯಿದೆಯ ೧೨೯ನೆಯ ಕಲಮಿನ ಪ್ರಕಾರ ಸವಾರನಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯ. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬಿದ್ದ ಕ್ಷಣದಲ್ಲಿಯೇ ತಲೆಯನ್ನು ಬಿಟ್ಟು ಹೋಗುತ್ತದೆಂಬುದನ್ನು ಮರೆಯಬಾರದು.

ದಾರಿಯ ನಿಯಮಗಳು ಕೆಲವೇ, ಆದರೆ ಮೀರತಕ್ಕವಲ್ಲ. ಸೂರ್ಯೋದಯಕ್ಕೆ ಹೊರಟು ಸೂರ್ಯಾಸ್ತದೊಳಗೆ ಮುಕ್ಕಾಮು ಸೇರುವದು. ಗಂಟೆಗೊಮ್ಮೆ ಇಳಿದು ಕಾಲಾಡಿಸುವದು. ಘಟ್ಟಕ್ಕಿಳಿಯುವ ಮುನ್ನ ಪೆಟ್ರೋಲು ತುಂಬಿಸುವದು. ಇಳಿಜಾರಿನಲ್ಲಿ ಎಂಜಿನು ನಿಲ್ಲಿಸದೆ, ಕೆಳಗಿನ ಗೇರಿನಲ್ಲಿಳಿಯುವದು. ಬ್ರೇಕನ್ನು ಒಂದೇ ಸಮನೆ ಒತ್ತಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಏರಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು. ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕಬಾರದು. ಗೋಕರ್ಣದ ಕಡಲು ಸೌಮ್ಯವಾಗಿ ಕಂಡರೂ ಒಳಸೆಳೆತವುಳ್ಳದ್ದು. ಕೆರೆಯಲ್ಲಿ ಈಜು ಕಲಿತ ಬಯಲುಸೀಮೆಯವರು ಅಲ್ಲಿ ಮೊಣಕಾಲಿನ ನೀರಿಗಿಂತ ಆಚೆ ಹೋಗದಿರುವದೇ ವಿವೇಕ.

ಈ ಎಲ್ಲ ವಿಚಾರವು ಒಂದು ಹಾಳೆಯ ಮೇಲೆ ಬರಲಿ: ದಿನ, ದಾರಿ, ಮುಕ್ಕಾಮು, ವಸತಿಗೃಹದ ಹೆಸರು, ಜತೆಗಾರರ ಮನೆಯ ಫೋನು, ಸವಾರನ ರಕ್ತದ ಗುಂಪು. ಒಂದು ಪ್ರತಿ ಜೇಬಿನಲ್ಲಿ, ಇನ್ನೊಂದು ಮನೆಯಲ್ಲಿ. ಘಟ್ಟದಲ್ಲಿ ಮೊಬೈಲು ಹಲವೆಡೆ ಮೌನವಾಗುತ್ತದೆ. ಆದುದರಿಂದ ಇಳಿಯುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ಮನೆಗೆ ತಿಳಿಸುವದೆಂದು ಮಾತಾಗಿರಲಿ. ತುರ್ತಿಗೆ ೧೧೨ ಸಂಖ್ಯೆಯನ್ನು ಎಲ್ಲರೂ ನೆನಪಿಡತಕ್ಕದ್ದು. ಮನೆಯವರೂ ಗಳಿಗೆಗೊಮ್ಮೆ ಫೋನು ಮಾಡಿ ಸವಾರನ ಚಿತ್ತವನ್ನು ಕದಲಿಸಬಾರದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯನ್ನು ಕಟ್ಟಿಕೊಟ್ಟು, ಹಾಳೆಯನ್ನು ಗೋಡೆಗೆ ಅಂಟಿಸಿ, ಸಂಜೆಯ ಒಂದು ಮಾತಿಗಾಗಿ ಕಾಯಲಿ.

ಯೋಗಕ್ಷೇಮವೆಂಬ ನಮ್ಮ ಹಳೆಯ ಮಾತಿನಲ್ಲಿ ಎರಡು ಅರ್ಥಗಳಿವೆ: ಇಲ್ಲದ್ದನ್ನು ಪಡೆಯುವದು ಯೋಗ, ಪಡೆದದ್ದನ್ನು ಕಾಪಾಡುವದು ಕ್ಷೇಮ. ಕಡಲನ್ನು ಕಂಡು ಬರುವದು ತರುಣರ ಯೋಗವಾದರೆ, ಅವರು ಮರಳಿ ಹೊಸ್ತಿಲು ತುಳಿಯುವದು ಇಡೀ ಮನೆಯ ಕ್ಷೇಮವು. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ಹೊರಡುವವರಿಗೆ ದಾರಿಯು ಶುಭವಾಗಲೆಂದು ಹಾರೈಸುತ್ತೇವೆ.