ಮುಟ್ಟು ನಿಲ್ಲುವ ವಯಸ್ಸು ಮತ್ತು ರೈತ ಮಹಿಳೆ

ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಲವತ್ತೆಂಟರ ಹೆಂಗಸೊಬ್ಬರು, ಮೋಡ ಕವಿದ ತಂಪಿನಲ್ಲೂ ಇದ್ದಕ್ಕಿದ್ದಂತೆ ಮುಖ, ಕುತ್ತಿಗೆ ಬಿಸಿಯೇರಿ, ಬೆವತು, ಬದುವಿನ ಮೇಲೆ ಕುಳಿತುದನ್ನು ಕಂಡಿದ್ದೇನೆ. ಜೊತೆಯವರು ಪಿತ್ತವೆಂದರು. ಆರೇಳು ತಿಂಗಳಿಂದ ಅವರ ಮುಟ್ಟು ಏರುಪೇರಾಗಿತ್ತೆಂದು ಆಮೇಲೆ ತಿಳಿಯಿತು.

ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಅಂಡಾಶಯಗಳಲ್ಲಿ ಈಸ್ಟ್ರೋಜನ್ ಉತ್ಪತ್ತಿ ಇಳಿಯುತ್ತದೆ. ರಾತ್ರಿ ಬೆವರಿ ನಿದ್ದೆಗೆಡುವುದು, ಸಿಡುಕು, ಕೀಲುನೋವು ಇದರ ಲಕ್ಷಣಗಳು. ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ತಿಳಿಯಬೇಕು.

ಕಳೆ, ಕೊಯ್ಲಿನ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳಿರಿ. ಕಾಫಿ, ಖಾರ ಕಡಿಮೆ ಮಾಡಿರಿ, ಹೊಗೆಸೊಪ್ಪು ಬಿಡಿರಿ. ಈ ವಯಸ್ಸಿನಿಂದ ಮೂಳೆ ಬೇಗ ಸವೆಯುವುದರಿಂದ ಸುಣ್ಣದಂಶ ಅವಶ್ಯ. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ ಇದೆ. ಪಾಲಿಷ್ ಅಕ್ಕಿಯಲ್ಲಿ 10ರ ಆಸುಪಾಸು. ರಾಗಿ ಬೆಳೆದು ಮಾರಿ, ಸೊಸೈಟಿ ಅಕ್ಕಿ ಉಣ್ಣುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ!

ಬಾಧೆ ತೀವ್ರವಾದರೆ ವೈದ್ಯರು ಪರೀಕ್ಷಿಸಿ ಹಾರ್ಮೋನು ಚಿಕಿತ್ಸೆ ಕೊಡುವುದುಂಟು. ಅದು ಎಲ್ಲರಿಗೂ ಒಗ್ಗದು. ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ತೊಟ್ಟು ರಕ್ತ ಕಂಡರೂ ಸಂಕೋಚದಿಂದ ಮುಚ್ಚಿಡಬಾರದು. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಸುಗ್ಗಿ ಮುಗಿಯಲೆಂದು ಕಾಯದೆ ಆ ವಾರದಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ.