ದಾವಣಗೆರೆ ಎಕ್ಸ್‌ಪ್ರೆಸ್ ಮತ್ತು ಆ 102 ರನ್

ಆರ್. ವಿನಯ್ ಕುಮಾರ್ ಅಂದ ತಕ್ಷಣ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈಗಲೂ ಯಾರಾದರೊಬ್ಬರು ‘ನೂರಾ ಎರಡು’ ಅಂತ ನಗುತ್ತಾರೆ. ನಾನು ದಾವಣಗೆರೆ ಜಿಲ್ಲೆಯವನು, ಊರು ಕತ್ತಲಗೆರೆ. ನನಗೆ ಆ ನಗು ಹಿಡಿಸುವುದಿಲ್ಲ. ಊರಿನ ಅಭಿಮಾನ ಅಂದುಕೊಂಡರೂ ಅಡ್ಡಿಯಿಲ್ಲ, ಆದರೆ ಲೆಕ್ಕವೂ ನನ್ನ ಕಡೆಗೇ ಇದೆ.

ಮೊದಲು ಆ ನೂರಾ ಎರಡನ್ನೇ ನೋಡಿಬಿಡೋಣ. 2013ರ ನವೆಂಬರ್ 2, ದೀಪಾವಳಿ ಹಬ್ಬದ ಸಮಯ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಏಕದಿನ ಪಂದ್ಯ. ರೋಹಿತ್ ಶರ್ಮಾ 209 ಹೊಡೆದರು, ಭಾರತ 57 ರನ್‌ಗಳಿಂದ ಗೆದ್ದಿತು, ಸರಣಿಯೂ ನಮ್ಮದಾಯಿತು. ಆದರೆ ವಿನಯ್ 9 ಓವರಿಗೆ 102 ರನ್ ಕೊಟ್ಟಿದ್ದರು, ಸಿಕ್ಕಿದ್ದು ಒಂದೇ ವಿಕೆಟ್. ಎಂಜಿನಿಯರಿಂಗ್ ಓದುತ್ತಿದ್ದ ನಾನು ಹಬ್ಬಕ್ಕೆ ಊರಿಗೆ ಬಂದಿದ್ದೆ. ಟಿವಿ ಮುಂದೆ ಕೂತಿದ್ದ ಚಿಕ್ಕಪ್ಪ, “ಏನೋ, ನಿಮ್ಮ ಎಕ್ಸ್‌ಪ್ರೆಸ್ಸು ಹಳಿ ತಪ್ಪಿತಲ್ಲೋ” ಅಂದರು. ಅಷ್ಟೇ. ಆಮೇಲೆ ಭಾರತ ತಂಡದ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ಒಟ್ಟು 31 ಏಕದಿನ, 9 ಟಿ20, ಪರ್ತ್‌ನಲ್ಲಿ ಆಡಿದ ಒಂದೇ ಒಂದು ಟೆಸ್ಟ್.

ನಮ್ಮ ಕೆಲಸದಲ್ಲೂ ಹೀಗೇ ಬಿಡಿ. ಸರ್ವರ್ ವರ್ಷವಿಡೀ ಓಡಿದರೆ ಯಾರೂ ಕೇಳಲ್ಲ, ಒಂದು ರಾತ್ರಿ ಕೈಕೊಟ್ಟರೆ ಮೇಲ್ ಮೇಲೆ ಮೇಲ್.

ಆಟೋ ಓಡಿಸುತ್ತಿದ್ದವರ ಮಗ ವಿನಯ್. ‘ಎಕ್ಸ್‌ಪ್ರೆಸ್’ ಅಂತ ಹೆಸರು ಬಂದರೂ ವೇಗ ಗಂಟೆಗೆ 130 ಕಿಲೋಮೀಟರ್ ಆಸುಪಾಸು. ಅಂಥವರು ಬದುಕಬೇಕಾದದ್ದು ಸ್ವಿಂಗ್‌ನಿಂದ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಎಸೆಯುವ ತಾಳ್ಮೆಯಿಂದ. ಬ್ಯಾಟಿಂಗ್ ಪಿಚ್‌ನಲ್ಲಿ, ಬೌಂಡರಿ ಹತ್ತಿರವಿರುವ ಮೈದಾನದಲ್ಲಿ ಈ ಬಂಡವಾಳ ಸಾಲದು. ನಾಲ್ಕು ದಿನದ ಪಂದ್ಯದಲ್ಲಿ ಸಾಲುತ್ತದೆ, ಮಿಕ್ಕುತ್ತದೆ ಕೂಡ.

ಅದು ಗೊತ್ತಾಗಲು ಬಹಳ ಕಾಯಬೇಕಾಗಲಿಲ್ಲ. ಮೂರೇ ತಿಂಗಳಿಗೆ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1998–99ರ ನಂತರ ಮೊದಲ ಸಲ. ನಾಯಕ ಯಾರು? ಇದೇ ವಿನಯ್ ಕುಮಾರ್. ಆ ವರ್ಷ ಇರಾನಿ ಕಪ್ಪು, ವಿಜಯ್ ಹಜಾರೆ ಟ್ರೋಫಿ ಎರಡೂ ಬಂದವು. ಮರುವರ್ಷ ಮತ್ತೆ ಮೂರೂ!

2015ರ ಮಾರ್ಚ್‌ನ ವಾಂಖೆಡೆ ಫೈನಲ್ ಅಂದರೆ ಎಲ್ಲರೂ ಕರುಣ್ ನಾಯರ್ ಹೊಡೆದ 328 ನೆನಪಿಸಿಕೊಳ್ಳುತ್ತಾರೆ, ಸರಿಯೇ. ಆದರೆ ಅದಕ್ಕೂ ಮೊದಲು ತಮಿಳುನಾಡನ್ನು 134ಕ್ಕೆ ಕೆಡವಿದ್ದು ನಾಯಕನ ಐದು ವಿಕೆಟ್. ಆಮೇಲೆ ಬ್ಯಾಟ್ ಹಿಡಿದು ಅಜೇಯ 105 ಕೂಡ ಹೊಡೆದರು. ಬೌಲರ್ ಕಣ್ರೀ!

2017ರ ಡಿಸೆಂಬರ್‌ನಲ್ಲಿ, ಮೂವತ್ಮೂರರ ವಯಸ್ಸಿನಲ್ಲಿ, ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮುಂಬೈ ಮೇಲೆ ಹ್ಯಾಟ್ರಿಕ್, 34 ರನ್ನಿಗೆ 6 ವಿಕೆಟ್. ಮುಂದಿನ ಪಂದ್ಯ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೋಲ್ಕತ್ತಾದಲ್ಲಿ ವಿದರ್ಭ ವಿರುದ್ಧ ಸೆಮಿಫೈನಲ್, ಗೆಲ್ಲಲು 198 ಬೇಕಿತ್ತು. ಮುಖ್ಯ ಬ್ಯಾಟರ್‌ಗಳೆಲ್ಲ ಹೋದ ಮೇಲೆ ವಿನಯ್ 36, ಮಿಥುನ್ 33 ಹೊಡೆದು ಹತ್ತಿರ ತಂದರು. ಐದೇ ರನ್ನಿನಿಂದ ಸೋತೆವು.

ಕೊನೆಗೆ ಕರ್ನಾಟಕ ಬಿಟ್ಟು ಪುದುಚೇರಿ ಪರವಾಗಿ ಆಡಿ, 2021ರ ಫೆಬ್ರವರಿ 26ರಂದು ನಿವೃತ್ತಿ ಹೇಳಿದರು. ಆಗಲೂ ತಮ್ಮನ್ನು ರೈಲಿಗೇ ಹೋಲಿಸಿಕೊಂಡಿದ್ದರು. ಪ್ರಥಮ ದರ್ಜೆಯಲ್ಲಿ 504 ವಿಕೆಟ್, ಅದರಲ್ಲಿ ರಣಜಿಯವೇ 442. ಕ್ಯಾಂಟೀನಿನಲ್ಲಿ ನಗುವವರಿಗೆ ನಾನು ಈ ಎರಡು ಸಂಖ್ಯೆ ಹೇಳಿ ಕಾಫಿ ಕುಡಿಯುತ್ತೇನೆ.

ಆಡುವುದನ್ನು ಬಿಟ್ಟ ಮೇಲೆ ಮುಂಬೈ ಇಂಡಿಯನ್ಸ್‌ನವರು ಅವರಿಗೆ ಕೊಟ್ಟ ಕೆಲಸ, ಹೊಸ ಹುಡುಗರನ್ನು ಹುಡುಕುವುದು. ನಮ್ಮ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಟೆನಿಸ್ ಬಾಲ್ ಎಸೆಯುವ ಹುಡುಗರಿಗೇನೂ ಕೊರತೆಯಿಲ್ಲ. ಒಂದು ಸಲ ಈ ಕಡೆಯೂ ಬರಲಿ.