ಪಿಕಪ್ ಗಾಡಿಯ ಹಿಂದಿನ ಆಕ್ಸಲ್ ಊಳಿಡುವುದೇಕೆ?

ವಾಶಿಯ ಮಾರುಕಟ್ಟೆಯಿಂದ ಮುಂಬಯಿಯ ಹೋಟೆಲುಗಳಿಗೆ ತರಕಾರಿ, ದಿನಸಿ ಮುಟ್ಟಿಸುವ ಪಿಕಪ್ ಗಾಡಿಗಳು ನಮ್ಮ ವಾಚಕರಿಗೆ ಚಿರಪರಿಚಿತ. ಕಂತು ಕಟ್ಟುತ್ತ ಇಂಥ ಗಾಡಿಯನ್ನೇ ನಂಬಿ ಬಾಳುವವರೂ ಉಂಟು. ಹಿಂದಿನ ಆಕ್ಸಲ್ ಊಳಿಡತೊಡಗಿದೊಡನೆ ಅದನ್ನು ಬಿಚ್ಚಿಸಲು ಹೊರಡುವುದು ವಿವೇಕವಲ್ಲ. ಸದ್ದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಮೊದಲು ಗಮನಿಸಬೇಕು.

ಡಾಂಬರು ರಸ್ತೆಯಿಂದ ಕಾಂಕ್ರೀಟಿಗೆ ಬಂದೊಡನೆ ಸದ್ದಿನ ಧಾಟಿ ಬದಲಾದರೆ ಟೈರುಗಳನ್ನು ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಏರಿ, ಬಿಟ್ಟಾಗ ಅಡಗಿದರೆ ಡಿಫರೆನ್ಶಿಯಲ್ಲಿನ ಕ್ರೌನ್-ಪಿನಿಯನ್ ಹಲ್ಲುಗಳ ಮೇಲೆ, ಇಲ್ಲವೆ ಪಿನಿಯನ್ನಿನ ಬೇರಿಂಗಿನ ಮೇಲೆ ಶಂಕೆ. ಬಲಕ್ಕೆ ಹೊರಳುವಾಗ ಗಾಡಿಯ ಭಾರ ಎಡಕ್ಕೆ ಬೀಳುತ್ತದೆ. ಆಗ ಮೊರೆತ ಹೆಚ್ಚಿದರೆ ಎಡಚಕ್ರದ ಬೇರಿಂಗನ್ನು ಪರೀಕ್ಷಿಸಬೇಕು. ಎಡಕ್ಕೆ ಹೊರಳುವಾಗ ಹೆಚ್ಚಿದರೆ ಬಲಚಕ್ರದ್ದನ್ನು.

ಬಳಿಕ ಎಣ್ಣೆಯ ಪರೀಕ್ಷೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಎಣ್ಣೆ ತುಂಬುವ ತೂತಿನ ಬಿರಡೆ ತೆಗೆದರೆ, ಸಾಮಾನ್ಯವಾಗಿ ಅದರ ಕೆಳ ಅಂಚಿನವರೆಗೂ ಎಣ್ಣೆಯಿರಬೇಕು. ಕಡಿಮೆಯಿದ್ದರೆ ಸೋರುವ ಜಾಗವನ್ನು ಹುಡುಕಬೇಕು. ಲೋಹದ ಚೂರುಗಳು ಕಂಡುಬಂದರೆ ಡಿಫರೆನ್ಶಿಯಲ್ ಬಿಚ್ಚದೆ ಗತ್ಯಂತರವಿಲ್ಲ; ಹೊಸ ಎಣ್ಣೆ ಸುರಿದ ಮಾತ್ರಕ್ಕೆ ಸವೆದ ಹಲ್ಲು ಸರಿಹೋಗದು. ಕ್ರೌನ್ ಮತ್ತು ಪಿನಿಯನ್ನುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಊಳು ಮರಳುವ ಸಂಭವವೇ ಹೆಚ್ಚು.

ಟೈರಿನ ದೋಷಕ್ಕೆ ಆಕ್ಸಲ್ ಬಿಚ್ಚಿಸಿದರೆ ಹಣವೂ ದುಡಿಮೆಯ ದಿನಗಳೂ ನಷ್ಟ. ಬೇರಿಂಗಿನ ಊಳನ್ನು ಅಲಕ್ಷಿಸಿದರೆ ನಡುದಾರಿಯಲ್ಲಿ ಚಕ್ರ ಬಿಗಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಮೇಸ್ತ್ರಿಯ ಬಳಿ ಬರಿದೆ ‘ಸದ್ದು ಬರುತ್ತದೆ’ ಎನ್ನದೆ, ಎಷ್ಟು ವೇಗದಲ್ಲಿ, ಯಾವ ತಿರುವಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಎಂಬುದನ್ನು ಬರೆದಿಟ್ಟುಕೊಂಡು ತಿಳಿಸುವುದು ಲೇಸು.